ಇಂಗೆ ಮಿಸ್ ಮನೆಯ ದೀಪ

ಮೊನ್ನೆ ಗುರುವಾರ ಬೆಳಿಗ್ಗೆ ಆರ್.ಟಿ. ನಗರದ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತಂದವರು ಅದರ ಮುಚ್ಚಳ ಕಿತ್ತು, ಬಾಯಿಗೆ ಎರಡು ಹನಿ ನೀರು ಬಿಟ್ಟು ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಎದ್ದಿತು. ವಾಷರ್ ಸರಿಯಿಲ್ಲ ಮೇಡಂ ಎಂದು ಜೇಬಿನಿಂದ ಒಂದು ಪುಟ್ಟ ರಬ್ಬರ್ ಉಂಗುರ ತೆಗೆದು ಬದಲಾಯಿಸಿದರು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ಕೊಳೆತ ಎಲೆಕೋಸಿನಂಥ ಒಂದು ತೆಳು ವಾಸನೆ ಮೂಗಿಗೆ ಬಂತು. ಅವರು ಬಾಲ್ಕನಿಯಿಂದ ಇಣುಕಿ, ಎಲ್ಲಿಗೆ ಹೋದ್ರಿ ಮೇಡಂ, ಸೈನ್ ಹಾಕಿ ಎಂದು ಕರೆದಾಗಲೇ ನನಗೆ ಗೊತ್ತಾದದ್ದು, ನಾನು ಎರಡು ಮಹಡಿ ಇಳಿದು, ರಸ್ತೆ ದಾಟಿ, ಬೇಕರಿಯ ಮುಂದೆ ಬರಿಗಾಲಲ್ಲಿ ನಿಂತಿದ್ದೇನೆ ಎಂದು.

ನೀವು ನಗಬಹುದು. ಬೇಕರಿಯವರೂ ನಕ್ಕರು. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಅಡುಗೆ ಅನಿಲಕ್ಕೆ ಸ್ವತಃ ವಾಸನೆಯಿಲ್ಲ, ಸೋರಿದರೆ ತಿಳಿಯಲಿ ಎಂದು ಆ ಗಬ್ಬು ವಾಸನೆಯನ್ನು ಬೇಕೆಂದೇ ಬೆರೆಸುತ್ತಾರೆ, ಅದು ಗಾಳಿಗಿಂತ ಭಾರ, ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ, ಇವೆಲ್ಲ ನನಗೆ ಬಾಯಿಪಾಠ. ಆದರೂ ಆ ವಾಸನೆ ಬಂದ ಕೂಡಲೇ ನನ್ನ ಕಾಲುಗಳು ನನ್ನನ್ನು ಕೇಳದೆ ಹೊರಟುಬಿಡುತ್ತವೆ. ಏಳು ವರ್ಷವಾಯಿತು. ಯಾಕೆ ಎಂದು ಹೇಳಬೇಕಾದರೆ ಮತ್ತಿಕೆರೆಯ ಒಂದು ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

ಓದುವ ಎರಡು ವರ್ಷ ನಾನು ಆ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮತ್ತಿಕೆರೆಯಲ್ಲಿ ಕೋಣೆ ಹುಡುಕುವವರಿಗೆ ಎಲ್ಲರೂ ಹೇಳುತ್ತಿದ್ದದ್ದು, ಜರ್ಮನಿ ಅಜ್ಜಿ ಮನೇಲಿ ಕೇಳಿ ನೋಡಿ ಎಂದು. ಜರ್ಮನಿ ಅಜ್ಜಿ ಎಂದರೆ ಯಾರೋ ಜರ್ಮನಿಯಲ್ಲಿ ಮಕ್ಕಳಿರುವ ನಮ್ಮ ಕಡೆಯ ಅಜ್ಜಿ ಇರಬೇಕು ಎಂದುಕೊಂಡು ಹೋಗಿದ್ದೆ. ಬಾಗಿಲು ತೆಗೆದವರು ನನಗಿಂತ ಒಂದಡಿ ಎತ್ತರದ, ಕೆಂಪು ಮುಖದ, ಬೆಳ್ಳಿ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ, ನೂಲಿನ ಸೀರೆಯನ್ನು ಕೆಲಸದವರಂತೆ ಎತ್ತಿ ಸಿಕ್ಕಿಸಿದ್ದ ಒಬ್ಬ ಬಿಳಿಯ ಹೆಂಗಸು. ನಾನು ಇಂಗ್ಲಿಷನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿರುವಾಗಲೇ ಅವರು, "ಯಾಕವ್ವ ಅಂಗ್ ನಿಂತಿದ್ದೀಯ, ಒಳೀಕ್ ಬಾ," ಎಂದರು.

ಅವರ ಹೆಸರು ಇಂಗೆ. ಅವರ ಊರಲ್ಲಿ ಅದು ಸಾಮಾನ್ಯ ಹೆಸರಂತೆ. ಅರವತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಗಂಡನ ಊರು ಹುಣಸಮಾರನಹಳ್ಳಿಗೆ ಬಂದಿಳಿದಾಗ, ಅತ್ತೆ ಹೆಸರು ಕೇಳಿದರು. ಇವರು "ಇಂಗೆ" ಎಂದರು. "ಇಂಗೆ ಅಂದ್ರೆ ಎಂಗೆ?" ಎಂದು ಅತ್ತೆ ಕೇಳಿದರು. ಇವರು ಮತ್ತೆ "ಇಂಗೆ" ಎಂದರು. ಹೀಗೆ ಅತ್ತೆ ಸೊಸೆಯರ ಮೊದಲ ಸಂಭಾಷಣೆ ಸಾಕಷ್ಟು ಹೊತ್ತು ನಡೆದು, ಗಂಡ ಸ್ನಾನ ಮುಗಿಸಿ ಬಂದಮೇಲೆ ಇತ್ಯರ್ಥವಾಯಿತು. ಮತ್ತಿಕೆರೆಯಲ್ಲಿ ಇನ್ನೊಂದು ಪಜೀತಿ. ಯಾರಾದರೂ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದರೆ ತಮಿಳಿನ ತರಕಾರಿಯವನು ತನ್ನನ್ನೇ 'ಇಲ್ಲಿ ಬಾ' ಎಂದರೆಂದು ಗಾಡಿ ತಿರುಗಿಸುತ್ತಿದ್ದ. ಆದ್ದರಿಂದಲೋ ಏನೋ, ಎಲ್ಲರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. ಜಾಲಹಳ್ಳಿಯ ಕಾರ್ಖಾನೆ ಕಾಲೋನಿಯ ನರ್ಸರಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು ಅವರು. ತಲೆ ನರೆತ ಗಂಡಸರು ಸ್ಕೂಟರ್ ನಿಲ್ಲಿಸಿ ನಮಸ್ಕಾರ ಮಿಸ್ ಎನ್ನುವುದನ್ನೂ, ಅವರು ಆ ಗಂಡಸರ ಶರ್ಟಿನ ಗುಂಡಿ ಸರಿಪಡಿಸುವುದನ್ನೂ ನಾನು ನೋಡಿದ್ದೇನೆ.

ಅವರ ಕನ್ನಡದ ಬಗ್ಗೆ ಹೇಳಲೇಬೇಕು. ಅದನ್ನು ಅವರು ಕಲಿತದ್ದು ಅತ್ತೆಯೊಬ್ಬರಿಂದಲೇ, ಒಲೆಯ ಮುಂದೆ ಕೂತು. ಆ ಅತ್ತೆ ಹಕಾರ ಆಡುವವರಲ್ಲ. ಹೀಗಾಗಿ, ಹುಟ್ಟುಭಾಷೆಯಲ್ಲಿ ಹಕಾರವನ್ನು ಚೆನ್ನಾಗಿಯೇ ಉಸುರುತ್ತಿದ್ದ ಮಿಸ್ ಕನ್ನಡಕ್ಕೆ ಬಂದೊಡನೆ ಓಗು, ಆಕು, ಏಳು ಎನ್ನುತ್ತಿದ್ದರು. ನಾನು ಗೌರಿಬಿದನೂರಿನವಳು, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಪುಸ್ತಕದ ಕನ್ನಡ. ನನ್ನ ಕನ್ನಡ ಸರಿಯಾದದ್ದು, ಅವರದು ಪಾಪ ಪರದೇಶದವರು ಕಲಿತದ್ದು ಎಂಬ ಸಣ್ಣ ಜಂಬ ನನ್ನೊಳಗೆ ಇದ್ದೇ ಇತ್ತು. ಈ ಜಂಬವನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಎಪ್ಪತ್ತಾರು ವರ್ಷದ ಅವರ ದಿನಚರಿ ಕೇಳಿದರೆ ಇಪ್ಪತ್ತೆರಡರ ನನಗೆ ಸುಸ್ತಾಗುತ್ತಿತ್ತು. ಐದೂವರೆಗೆ ಪಾರ್ಕು. ಅಲ್ಲಿ ನಡೆಯುವವರನ್ನೆಲ್ಲ ನಿಲ್ಲಿಸಿ ತೋಳು ಬೀಸಿಸುವುದು. ಮುಂದೆ ಬುಟ್ಟಿಯಿರುವ ಸೈಕಲ್ಲಿನಲ್ಲಿ ಮಾರ್ಕೆಟ್ಟು. ಬೀದಿಯವರ ಕೆಟ್ಟ ಛತ್ರಿ, ಕಿತ್ತ ಜಿಪ್ಪುಗಳೆಲ್ಲ ಅವರ ಜಗಲಿಗೆ ಬರುತ್ತಿದ್ದವು. ಬುಧವಾರ ಮತ್ತು ಶನಿವಾರ, ಜರ್ಮನಿಗೆ ಕೆಲಸಕ್ಕೆ ಹೋಗಲಿರುವ ನರ್ಸ್ ಹುಡುಗಿಯರಿಗೆ ಜರ್ಮನ್ ಪಾಠ. ವ್ಯಾಕರಣ ಆಮೇಲೆ, ಮೊದಲು 'ಎಲ್ಲಿ ನೋವು' ಎಂದು ಕೇಳಲು ಕಲಿಯಿರಿ ಎಂಬುದು ಅವರ ಪದ್ಧತಿ. ಬಾಡಿಗೆಯವಳೆಂಬ ಸಲಿಗೆಯಿಂದ ನಾನೂ ಹಿಂದೆ ಕೂರುತ್ತಿದ್ದೆ. ಇದರ ನಡುವೆ ದೊಡ್ಡ ಜಾಡಿಯಲ್ಲಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪು ಬೆರೆಸಿ ಹುಳಿಯಾಗಲು ಇಡುತ್ತಿದ್ದರು. ಅವರ ತಾಯಿ ಮಾಡುತ್ತಿದ್ದದ್ದಂತೆ. ಆ ಜಾಡಿಯ ದೆಸೆಯಿಂದ ಇಡೀ ಮನೆ ವರ್ಷದ ಮುಕ್ಕಾಲು ಭಾಗ ನಾರುತ್ತಿತ್ತು. ಮೊದಲ ವಾರ ಕರವಸ್ತ್ರ ಹಿಡಿದು ಮೆಟ್ಟಿಲು ಹತ್ತಿದೆ, ಎರಡನೇ ತಿಂಗಳಲ್ಲಿ ವಾಸನೆಯೇ ತಿಳಿಯದಾಯಿತು.

ಪಾಠದ ನಡುವೆ ಅವರ ಬಾಲ್ಯ ತುಂಡುತುಂಡಾಗಿ ಬರುತ್ತಿತ್ತು. ಪಶ್ಚಿಮ ಜರ್ಮನಿಯ ಒಂದು ಕಾರ್ಖಾನೆ ಪಟ್ಟಣ. ಟ್ರಾಮು ರಿಪೇರಿ ಮಾಡುತ್ತಿದ್ದ ಅಪ್ಪ ಯುದ್ಧಕ್ಕೆ ಹೋದವರು ಬರಲಿಲ್ಲ. ಇವರಿಗೆ ಏಳೆಂಟು ವರ್ಷವಾಗಿದ್ದಾಗ ಸೈರನ್ ಕೂಗಿದರೆ ಬೂಟು ಹಾಕಿಕೊಂಡೇ ಮಲಗಿದ್ದ ಮಕ್ಕಳನ್ನು ತಾಯಿ ನೆಲಮಾಳಿಗೆಗೆ ಇಳಿಸುತ್ತಿದ್ದರು. ಬಾಂಬು ದೂರ ಬಿದ್ದಾಗ ತಾಯಿ ಜೋರಾಗಿ ಮಾತಾಡುತ್ತಿದ್ದರು, ಗದರುತ್ತಿದ್ದರು. ಹತ್ತಿರ ಬಂದಷ್ಟೂ ಅವರ ದನಿ ಸಣ್ಣದಾಗುತ್ತಿತ್ತು. "ಅವ್ವ ಪಿಸುಗುಟ್ಟಿದ್ರೆ ನಮ್ಗೆ ಗೊತ್ತಾಗದು, ಈಗ ಕೆಟ್ಟದ್ದು ಅಂತ," ಎನ್ನುತ್ತಿದ್ದರು ಮಿಸ್. ಯುದ್ಧ ಮುಗಿದಮೇಲೆ ಹೊಟ್ಟೆಪಾಡಿಗೆ ತಾಯಿ ಒಂದು ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ಬೆಂಗಳೂರಿನಿಂದ ಯಂತ್ರಗಳ ತರಬೇತಿಗೆಂದು ಬಂದ ಎಂಜಿನಿಯರ್ ಒಬ್ಬರು ಆ ಕೋಣೆಗೆ ಬಂದರು. ಮುಂದಿನದು ನಿಮಗೆ ಊಹೆಯಾಗುತ್ತದೆ. ನಾನು ಆ ಮನೆಗೆ ಹೋಗುವ ಹೊತ್ತಿಗೆ ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸ್ವಂತ ಊರಿಗೆ ಹಿಂತಿರುಗಬೇಕೆನ್ನಿಸಲಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, ಅಲ್ಲಿ ಹೋದರೆ ನನ್ನನ್ನು ಮಿಸ್ ಅನ್ನೋರು ಯಾರು ಎಂದಿದ್ದರು.

ಹಾಲ್‌ನ ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ಅತ್ತೆ ಕೊಟ್ಟ ಹಿತ್ತಾಳೆ ದೀಪ. ಭಾನುವಾರ ಚರ್ಚಿಗೆ ಹೋಗುವ ಮಿಸ್ ದಿನಾ ಸಂಜೆ ಆ ದೀಪ ಹಚ್ಚುತ್ತಿದ್ದರು. ಅತ್ತೆ ಹೇಳಿದ್ದರು, ಹಚ್ಚುತ್ತಿದ್ದರು, ಅಷ್ಟೆ.

ಆವತ್ತು ಶುಕ್ರವಾರ. ಸಂಜೆ ಕರೆಂಟು ಹೋಗಿತ್ತು. ಕಾಲೇಜಿನಿಂದ ಬಂದವಳು ಕೆಳಗಿನ ಮನೆಯ ಬಾಗಿಲು ತೆರೆದಿದ್ದದ್ದನ್ನು ನೋಡಿ ಒಳಗೆ ಕಾಲಿಟ್ಟೆ. ಎಂದಿನಂತೆ ಎಲೆಕೋಸಿನ ವಾಸನೆ. ಸ್ವಲ್ಪ ಹೆಚ್ಚೇ ಇದೆ, ಜಾಡಿ ತೆಗೆದಿದ್ದಾರೆ ಎಂದುಕೊಂಡೆ. ಹಾಲ್ ಮಸುಕಾಗಿತ್ತು, ಗೂಡಿನಲ್ಲಿ ದೀಪ ಒಂದೇ ಉರಿಯುತ್ತಿತ್ತು. ಅಡುಗೆಮನೆಯಲ್ಲಿ ಮಿಸ್ ಈಚೆ ಬೆನ್ನು ಮಾಡಿ ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ಏನನ್ನೋ ತಿರುಗಿಸುತ್ತಿದ್ದರು. ನನ್ನ ಹೆಜ್ಜೆ ಸಪ್ಪಳ ಕೇಳಿ, ತಿರುಗದೆಯೇ ಹೇಳಿದರು: "ದೀಪ ದೊಡ್ದು ಮಾಡು."

ಕತ್ತಲಲ್ಲಿ ಕೆಲಸ ಮಾಡುತ್ತಿದ್ದಾರೆ, ಕಾಣುತ್ತಿಲ್ಲ, ಬೆಳಕು ಬೇಕು. ಎಷ್ಟು ಸರಳ. ನಾನು ಗೂಡಿನ ಹತ್ತಿರ ಹೋಗಿ ಬತ್ತಿಯನ್ನು ಮುಂದಕ್ಕೆ ಎಳೆದೆ. ಜ್ವಾಲೆ ಎದ್ದಿತು. ಅವರು ಇನ್ನೊಮ್ಮೆ, ಸ್ವಲ್ಪ ಬಿಗಿಯಾಗಿ, ದೀಪ ದೊಡ್ದು ಮಾಡು ಎಂದರು. ಅಲ್ಲಿಂದ ಸಾಲುತ್ತಿಲ್ಲ ಎಂದುಕೊಂಡು ದೀಪವನ್ನೇ ಕೈಗೆತ್ತಿಕೊಂಡು, ಅಂಗೈ ಅಡ್ಡ ಹಿಡಿದು, ಅಡುಗೆಮನೆಯ ಕಡೆ ನಡೆದೆ.

ಒಂದು, ಎರಡು, ಮೂರು ಹೆಜ್ಜೆ. ಮೂರನೆಯದರಲ್ಲಿ ಧಡ್ ಎಂದು ಅಡುಗೆಮನೆಯ ಹಿತ್ತಲ ಬಾಗಿಲು ತೆರೆದುಕೊಂಡಿತು. ಗಾಳಿ ಒಳನುಗ್ಗಿ, ತೆರೆದೇ ಇದ್ದ ಮುಂಬಾಗಿಲಿನಿಂದ ಹೊರಬಿತ್ತು. ನಡುವೆ ನಾನು. ದೀಪ ಹೋಯಿತು.

ಆ ಕತ್ತಲಲ್ಲಿ ಮೊದಲ ಸಲ ನನಗೆ ಕೇಳಿಸಿತು: ಕಟ್ಟೆಯ ಕೆಳಗಿನಿಂದ ಸಣ್ಣಗೆ, ಎಡೆಬಿಡದೆ, ಸುಯ್ಯೆನ್ನುವ ಸದ್ದು. ಮಿಸ್ ಪಿಸುದನಿಯಲ್ಲಿ ಹೇಳಿದರು, "ಗ್ಯಾಸು. ಅಲ್ಲೇನೂ ಮುಟ್ಬೇಡ. ಮೆಲ್ಲಗೆ ಒರ್ಗೆ ಓಗಿ ಮೇನ್ ಸ್ವಿಚ್ ಕೆಳೀಕ್ ಎಳಿ. ಕರೆಂಟ್ ಬರೋದ್ರೊಳ್ಗೆ."

ಎಳೆದೆ. ಅಷ್ಟರಲ್ಲಿ ಅವರು ರೆಗ್ಯುಲೇಟರ್ ಬಿಡಿಸಿ, ಸಿಲಿಂಡರಿನ ಬಾಯಿಗೆ ಮುಚ್ಚಳ ಜಡಿದು, ಕಿಟಕಿಗಳನ್ನು ತೆರೆದು ಹಿತ್ತಲಿಂದ ಸುತ್ತಿ ಬಂದರು. ಪಕ್ಕದ ಮನೆಯ ಶಕೀಲಾ ಆಂಟಿಯನ್ನೂ ಅವರ ಎರಡು ಮಕ್ಕಳನ್ನೂ ಹೊರಗೆ ಕರೆದರು. ಎರಡೂ ಮನೆಗೆ ನಡುಗೋಡೆ ಒಂದೇ. ಆ ಮಕ್ಕಳು ಓದಲು ಕೂರುತ್ತಿದ್ದದ್ದು ಆ ಗೋಡೆಗೆ ಒರಗಿಯೇ. ನಾವೆಲ್ಲ ಎದುರುಮನೆಯ ಮೆಟ್ಟಿಲ ಮೇಲೆ ಕೂತೆವು. ಕೂತು ಐದು ನಿಮಿಷವೂ ಆಗಿರಲಿಲ್ಲ, ಬೀದಿಯಲ್ಲೆಲ್ಲ ಕರೆಂಟು ಬಂತು, ಮಿಸ್ ಮನೆಯೊಂದನ್ನು ಬಿಟ್ಟು. ಅವರ ಹಾಲ್‌ನ ಟ್ಯೂಬ್‌ಲೈಟಿನ ಸ್ವಿಚ್ಚು ಹಾಕಿಯೇ ಇತ್ತು, ಫ್ರಿಜ್ಜೂ ಇತ್ತು. ಕಿಡಿಗೆ ಅಷ್ಟು ಸಾಕಿತ್ತು.

ಜನ ಸೇರಿದರು. ಮಿಸ್ ಎಲ್ಲರಿಗೂ ಒಂದೇ ಮಾತು ಹೇಳಿದರು: ನಾನು ಗ್ಯಾಸ್ ನಿಲ್ಲಿಸಿದೆ, ಈ ಮಗು ದೀಪ ದೊಡ್ಡದು ಮಾಡಿದಳು. ಶಕೀಲಾ ಆಂಟಿಗೆ ಅರ್ಥವಾಗಲಿಲ್ಲ. "ಗ್ಯಾಸ್ ಲೀಕ್ ಆಗ್ಬೇಕಾದ್ರೆ ದೀಪ ದೊಡ್ಡದು ಮಾಡಿದ್ಳಾ? ಏನ್ ಹೇಳ್ತಿದ್ದೀರಿ ಮಿಸ್?" ಎಂದರು.

ಹೂ ಮಾರುವ ಅಜ್ಜಿ ಬುಟ್ಟಿ ಇಳಿಸಿ ವಿವರಿಸಿದರು. "ಆರ್ಸೋದು ಕಣಮ್ಮ. ದೀಪ ಆರ್ಸು ಅನ್ನಬಾರ್ದು, ಕೆಟ್ ಮಾತು. ದೊಡ್ಡದು ಮಾಡು ಅನ್ಬೇಕು. ನೋಡು, ಜರ್ಮನಿಯಮ್ಮಂಗೆ ಗೊತ್ತು, ನಿಮ್ಗ್ ಗೊತ್ತಿಲ್ಲ."

ನಿಮಗೆ ಎಂದದ್ದು ಶಕೀಲಾ ಆಂಟಿಗೆ. ಚುಚ್ಚಿದ್ದು ನನಗೆ. ನಮ್ಮ ಮನೆಯ ತೆಲುಗಿನಲ್ಲೂ ದೀಪ ಆರುವುದಿಲ್ಲ, ಬೆಟ್ಟ ಹತ್ತುತ್ತದೆ. ಆರಿತು ಎನ್ನಲು ನಮ್ಮಜ್ಜಿಯ ನಾಲಗೆಯೂ ಹೊರಳುತ್ತಿರಲಿಲ್ಲ. ಕನ್ನಡದಲ್ಲಿ ಅದು ದೊಡ್ಡದಾಗುತ್ತದೆ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪರದೇಶದವರ ಬಾಯಲ್ಲಿ ಬಂದ ಮಾತಿಗೆ ಎರಡನೇ ಅರ್ಥ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಆ ಮಾತನ್ನೇ ಹೂವಿನಜ್ಜಿಯೋ ನಮ್ಮಜ್ಜಿಯೋ ಹೇಳಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದೆನೇನೋ.

ಮಿಸ್ ಮೆಟ್ಟಿಲ ಮೇಲೆ ಕೂತು ನಗುತ್ತ ತಮ್ಮ ಕಥೆ ತೆಗೆದರು. ಮದುವೆಯಾದ ಹೊಸತರಲ್ಲಿ ಅತ್ತೆ ಮಲಗುವ ಮುಂಚೆ ಲಾಟೀನು ತೋರಿಸಿ ದೊಡ್ಡದು ಮಾಡು ಎಂದರಂತೆ. ಇವರು ಬತ್ತಿ ಏರಿಸಿದರು. ಅತ್ತೆ ಮತ್ತೆ ಅದನ್ನೇ ಹೇಳಿದರು. ಇವರು ಇನ್ನೂ ಏರಿಸಿದರು. ಕೊನೆಗೆ ಗಾಜು ಕಪ್ಪಿಟ್ಟು ಚಟ್ಟನೆ ಸೀಳಿತಂತೆ. ಆರಿಸು ಎಂಬ ಮಾತನ್ನು ಅತ್ತೆ ಆ ಮನೆಯೊಳಗೆ ಬರಗೊಟ್ಟವರೇ ಅಲ್ಲ, ಆದ್ದರಿಂದ ಆ ಮಾತು ನನ್ನ ಬಾಯಿಗೂ ಬರುವುದಿಲ್ಲ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ದೀಪ ಆರಿಸಿದ್ದು ನಾನಲ್ಲ ಎಂದು ಹೇಳಲಿಲ್ಲ. ನನ್ನ ತಪ್ಪು ಶುರುವಾದದ್ದು ದೀಪ ಎತ್ತಿಕೊಂಡಾಗ ಅಲ್ಲ, ಆಗ.

ಮರುದಿನ ಬೆಳಿಗ್ಗೆ ಹೇಳಿಬಿಡಬೇಕೆಂದೇ ಕೆಳಗಿಳಿದೆ. ಅವರು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಜಾಲಹಳ್ಳಿಯ ಕಡೆಯಿಂದ ಒಂದು ಯುದ್ಧವಿಮಾನ ತಲೆಯ ಮೇಲೆ ಹಾದುಹೋಯಿತು. ಅದು ಹೋಗಿ ಸದ್ದು ಪೂರ್ತಿ ಅಡಗುವವರೆಗೆ ಒದ್ದೆ ಸೀರೆ ಹಿಡಿದು ನಿಂತೇ ಇದ್ದರು. ಆಮೇಲೆ, ನಾನು ಬಾಯಿ ತೆರೆಯುವ ಮೊದಲೇ, ಒಂದು ವಿಷಯ ಹೇಳಿದರು. ಯುದ್ಧದ ಕಾಲದಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸುತ್ತಿದ್ದರಂತೆ, ಬೆಳಕು ಹೊರಗೆ ಕಾಣಬಾರದೆಂದು. ಒಂದು ದಿನ ಸೈರನ್ ಕೂಗುವಾಗ ಇವರು ಆಕಾಶ ನೋಡುವ ಆಸೆಗೆ ಆ ಕಾಗದವನ್ನು ಒಂದು ಬೆರಳಿನಷ್ಟು ಸರಿಸಿದ್ದರು. ಒಳಗೆ ಮೋಂಬತ್ತಿ ಉರಿಯುತ್ತಿತ್ತು. ಆವತ್ತು ಎದುರುಮನೆಯ ಬ್ರೆಡ್ ಅಂಗಡಿಯ ಮೇಲೆ ಬಾಂಬು ಬಿತ್ತು. ಆ ಬಾಂಬನ್ನು ತಾನೇ ಕರೆದೆ ಎಂದು ಆ ಮಗು ನಂಬಿತು. ತಾಯಿಗೆ ಹೇಳಲಿಲ್ಲ, ತಾಯಿ ಸಾಯುವವರೆಗೂ. ಮುಂದೆ ಜಾಲಹಳ್ಳಿಯಲ್ಲೂ ಯುದ್ಧವೆಂದು ಕಿಟಕಿಗೆ ಕಪ್ಪು ಕಾಗದ ಅಂಟಿಸುವ ದಿನ ಬಂದಾಗ ಗಂಡನಿಗೆ ಹೇಳಿದರು. ಆತ ಎಂಜಿನಿಯರ್ ತಾನೇ, ಪೆನ್ಸಿಲ್ ಹಿಡಿದು ಕೂತು, ಅಷ್ಟು ಎತ್ತರದಿಂದ ಅಷ್ಟು ಸಣ್ಣ ಬೆಳಕು ಕಾಣುವುದು ಸಾಧ್ಯವೇ ಇಲ್ಲ ಎಂದು ತೋರಿಸಿಕೊಟ್ಟರು.

"ಲೆಕ್ಕ ಸರಿಯಾಗೇ ಇತ್ತು," ಎಂದರು ಮಿಸ್, ಸೀರೆ ಕೊಡವುತ್ತ. "ನಂಗೇ ನಂಬಕ್ಕಾಗ್ಲಿಲ್ಲ."

ಅವರು ತಮ್ಮ ಮನಸ್ಸಿನ ಭಾರ ಇಳಿಸುತ್ತಿದ್ದಾರೆ, ಈಗ ನನ್ನದನ್ನು ಹೇರುವುದು ಸರಿಯಲ್ಲ ಎಂದುಕೊಂಡು ನಾನು ಹೇಳದೆ ಮೇಲೆ ಹತ್ತಿದೆ. ಅಷ್ಟು ದಡ್ಡಿ.

ಆಮೇಲಿನ ಏಳು ವರ್ಷ ನಾನು ಆ ಬೀದಿಯ ಹೀರೋಯಿನ್. ಕೆಲಸ ಸಿಕ್ಕಿ, ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದರೂ ರಂಜಾನಿಗೆ ಶಕೀಲಾ ಆಂಟಿಯ ಮನೆಯಿಂದ ಸೇವಿಗೆಯ ಡಬ್ಬಿ ತಪ್ಪುತ್ತಿರಲಿಲ್ಲ. ಬಂದವರಿಗೆಲ್ಲ ನನ್ನನ್ನು ತೋರಿಸಿ, ನಮ್ಮ ಮಕ್ಕಳ ಜೀವ ಉಳಿಸಿದ ಹುಡುಗಿ ಎನ್ನುತ್ತಿದ್ದರು. ಆ ಸೇವಿಗೆಯನ್ನು ನಾನು ಬಾಯಿಗಿಡದೆ ಮನೆಗೆ ಬಂದವರಿಗೆ ಬಡಿಸಿಬಿಡುತ್ತಿದ್ದೆ. ಕಣ್ಣು ಮುಚ್ಚಿದರೆ ಅದೇ ಮೂರು ಹೆಜ್ಜೆ. ಗಾಳಿ ಬರುವುದು ಒಂದು ಹೆಜ್ಜೆ ತಡವಾಗಿದ್ದರೆ? ಮುಂಬಾಗಿಲು ಮುಚ್ಚಿದ್ದಿದ್ದರೆ? ಕೆಲವು ಸಲ ನಿದ್ದೆಗಣ್ಣಲ್ಲಿ ನಾಲ್ಕನೇ ಹೆಜ್ಜೆಯನ್ನೂ ಇಟ್ಟಿದ್ದೇನೆ.

ಮೊನ್ನೆ ಬೇಕರಿಯ ಮುಂದೆ ಬರಿಗಾಲಲ್ಲಿ ನಿಂತಾಗ ಸಾಕು ಅನ್ನಿಸಿತು. ಶನಿವಾರ ಮತ್ತಿಕೆರೆಗೆ ಹೋದೆ.

ಜರ್ಮನ್ ಪಾಠ ಆಗಷ್ಟೇ ಮುಗಿದು ನರ್ಸ್ ಹುಡುಗಿಯರು ಹೊರಡುತ್ತಿದ್ದರು. ಎಂಬತ್ತಮೂರರ ಮಿಸ್ ಸೈಕಲ್ ಬಿಟ್ಟಿದ್ದಾರೆ. ಅದರಿಂದ ಉಳಿದ ಹೊತ್ತಿನಲ್ಲಿ ಕನ್ನಡ ಓದಲು ಕಲಿಯುತ್ತಿದ್ದಾರೆ. ಇಷ್ಟು ವರ್ಷ ಮಾತಾಡಿದ್ದೇ ಹೊರತು ಅಕ್ಷರ ಗೊತ್ತಿರಲಿಲ್ಲ. ಜಗಲಿಯಲ್ಲಿ ಒಂದನೇ ತರಗತಿಯ ಪುಸ್ತಕ ತೆರೆದುಕೊಂಡು ಹಸುವಿನ ಚಿತ್ರದ ಪಕ್ಕದ 'ಹ' ಮೇಲೆ ಬೆರಳಿಟ್ಟು, "ಈ ಅಕ್ಸರ ನಮ್ಮತ್ತೆ ಮನೇಲಿ ಇರ್ಲೇ ಇಲ್ಲ ಕಣೆ," ಎಂದರು.

ನಾನು ನಗಲಿಲ್ಲ. ಆವತ್ತು ದೀಪ ನಾನು ಆರಿಸಲಿಲ್ಲ ಮಿಸ್ ಎಂದೆ.

"ಗೊತ್ತು," ಎಂದರು.

ಬೆರಳು ಪುಸ್ತಕದ ಮೇಲೆಯೇ ಇತ್ತು. "ಅಡ್ಗೆಮನೆ ಗೋಡೆ ಮ್ಯಾಲೆ ನನ್ ನೆಳ್ಳು ಇತ್ತು. ಒಂದ್ಸಲ ಕೂಗ್ದೆ, ನೆಳ್ಳು ಗಟ್ಟಿ ಆಯ್ತು. ಇನ್ನೊಂದ್ಸಲ ಕೂಗ್ದೆ, ದೊಡ್ದಾಯ್ತಾ ಬಂತು. ಆಗ ಗೊತ್ತಾಯ್ತು, ಇವಳೂ ನನ್ನಂಗೇ ಲಾಟೀನ್ ಏರಿಸ್ತವ್ಳೆ ಅಂತ. ಮೂರ್ನೇ ಸಲ ಕೂಗ್ಲಿಲ್ಲ. ಬಾಗ್ಲು ಒದ್ದೆ."

ಗಾಳಿ ತಾನಾಗಿ ಬಂದದ್ದಲ್ಲ. ಏಳು ವರ್ಷ ನಾನು ಅದೃಷ್ಟವೆಂದುಕೊಂಡದ್ದು ಒಬ್ಬ ಮುದುಕಿಯ ಕಾಲು. ಬಾಗಿಲು ಪಕ್ಕದಲ್ಲೇ ಇತ್ತು, ಒದ್ದವರು ಹಾಗೇ ಹೊರಗೆ ಓಡಬಹುದಿತ್ತು. ಸಿಲಿಂಡರ್ ಬಿಟ್ಟು ಎದ್ದಿರಲಿಲ್ಲ. ನಿಲ್ಲು ಎಂದು ಕಿರುಚಬಾರದಿತ್ತೇ ಎಂದು ಕೇಳಿದೆ.

"ಕಿರುಚಿದ್ರೆ ನೀನು ಬೆಚ್ಚಿ ದೀಪ ಬೀಳಿಸ್ತಿದ್ದೆ. ಗ್ಯಾಸ್ ಇದ್ದಿದ್ದು ನೆಲದ್ ಮ್ಯಾಲೆ. ಕೆಮಿಸ್ಟ್ರಿ ಓದಿದ್ದು ನಾನಾ, ನೀನಾ?"

ಮತ್ತೆ ಯಾಕೆ ಎಲ್ಲರಿಗೂ ನಾನೇ ಆರಿಸಿದೆ ಎಂದಿರಿ ಎಂದೆ. ಅವರು ಪುಸ್ತಕ ಮುಚ್ಚಿದರು. ಅಷ್ಟು ಚಿಕ್ಕವಳ ತಲೆಯ ಮೇಲೆ ಅದನ್ನು ಇಡುವುದು ಬೇಡ ಅನ್ನಿಸಿತ್ತಂತೆ. ಮಾರನೇ ದಿನ ನೀನಾಗಿ ಹೇಳುತ್ತೀ ಎಂದು ಬಟ್ಟೆ ಹರವುತ್ತ ಕಾದೆ ಎಂದರು. "ನಾನ್ ಮಾಡಿದ್ದೂ ತಪ್ಪೇ. ಆವತ್ತೇ ನಮ್ಮವ್ವಂಗೆ ಏಳಿ ಬಯ್ಸ್ಕೊಂಡಿದ್ರೆ ಚೆನ್ನಾಗಿತ್ತು ಅಂತ ಈಗ್ಲೂ ಅನ್ನಿಸ್ತದೆ," ಎಂದರು. ಆಮೇಲೆ ಪಕ್ಕದ ಮನೆಯ ಕಡೆ ಗದ್ದ ಎತ್ತಿ ತೋರಿಸಿದರು. "ಓಗು, ಸಕೀಲಂಗೆ ಏಳು. ಅವ್ಳು ಚೆನ್ನಾಗಿ ಬಯ್ತಾಳೆ."

ಹೋದೆ. ಶಕೀಲಾ ಆಂಟಿ ಹೊಲಿಗೆ ಯಂತ್ರದ ಮುಂದಿದ್ದರು. ನಿಂತಲ್ಲೇ ಎಲ್ಲ ಹೇಳಿದೆ, ಸೇವಿಗೆಯ ವಿಷಯವನ್ನೂ ಸೇರಿಸಿ. ಅವರು ಯಂತ್ರ ನಿಲ್ಲಿಸಿ ಕನ್ನಡಕ ತೆಗೆದರು. "ಕ್ಯಾ ಮಾ ತೂ, ಅಕಲ್ ಹೈ ಕಿ ನೈ?" ಎಂದು ಶುರು ಮಾಡಿದರು. ಬುದ್ಧಿ ಇಲ್ಲವೇ ಎಂದು ಎರಡು ಭಾಷೆಯಲ್ಲಿ ಎಷ್ಟು ರೀತಿ ಕೇಳಬಹುದೋ ಅಷ್ಟೂ ರೀತಿ ಕೇಳಿದರು. ದೀಪ ಎತ್ತಿಕೊಂಡದ್ದಕ್ಕೆ ಬೈದರು, ಏಳು ವರ್ಷ ಮುಚ್ಚಿಟ್ಟದ್ದಕ್ಕೆ ಅದರ ಎರಡರಷ್ಟು ಬೈದರು. ನಡುವೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮುಂದುವರಿಸಿದರು. ನಾನು ಗೋಡೆಗೆ ಒರಗಿ ನಿಂತು ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.

ಇನ್ನೂ ಬಿಸಿಲಿರುವಾಗಲೇ ಬಸ್ ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೇಖ್ರಿ ಸರ್ಕಲ್ ಬಂದದ್ದು ನೆನಪಿದೆ, ಅದರಾಚೆ ಇಲ್ಲ. ಕಂಡಕ್ಟರ್ ಭುಜದ ಪಕ್ಕದ ಕಂಬಿಯನ್ನು ಟಿಕೆಟ್ ಯಂತ್ರದಿಂದ ತಟ್ಟಿ, ಏಳಿ ಮೇಡಂ, ಲಾಸ್ಟ್ ಸ್ಟಾಪ್, ನಿಮ್ಮ ಆರ್.ಟಿ. ನಗರ ಯಾವಾಗಲೋ ಹೋಯ್ತು ಎಂದರು. ಬಸ್ಸಿನಲ್ಲಿ ನಾನೊಬ್ಬಳೇ ಉಳಿದಿದ್ದೆ.